ಸಿಳ್ಳೆ ನುಂಗಿದ ಹಲ್ಲು

ದೇವರು ಕೊಟ್ಟಿದ್ದಕ್ಕಿಂತ ಒಳ್ಳೆಯ ಹಲ್ಲನ್ನು ಹಾಕಿಸಿಕೊಂಡೇ ಮನೆಗೆ ಬರುತ್ತೇನೆ ಎಂದು ನಾನು ಹೆಂಡತಿಯ ಮುಂದೆ ಎದೆ ತಟ್ಟಿ ಹೇಳಿದೆ. ತಟ್ಟಿದ್ದು ಬಲಗೈಯಲ್ಲಿ. ಎಡಗೈ ಬಾಯಿಯ ಮೇಲಿತ್ತು. ಯಾಕೆಂದರೆ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಆಗಷ್ಟೇ ಓರೆಯಾಗಿ ಮುರಿದು, ಅದರ ಚೂರು ನೆಲದ ಮೇಲೆ ಉರುಳಿಕೊಂಡು ಹೋಗಿ ಕಪಾಟಿನ ಅಡಿ ಸೇರಿತ್ತು.

ನನ್ನ ಹಲ್ಲೆಂದರೆ ಸಾಮಾನ್ಯವಾದ ಹಲ್ಲಲ್ಲ ಸ್ವಾಮಿ! ನಮ್ಮ ಮನೆಗೆ ಇಕ್ಕಳ ಎಂಬ ಸಾಮಾನು ಬಂದೇ ಇಲ್ಲ. ಹಗ್ಗದ ಗಂಟು, ಸೋಡಾ ಬಾಟಲಿ, ಬಿಗಿದುಕೊಂಡ ಟಾರ್ಚು, ಎಲ್ಲಕ್ಕೂ ನನ್ನ ಬಾಯಿಯೇ. ಒಂದು ಸಲ ಗೋಡೆಯ ಮೊಳೆಯನ್ನು ಕಚ್ಚಿ ಎಳೆದಾಗ ಗೋಡೆ ನಾಲ್ಕು ಬೆರಳು ಮುಂದಕ್ಕೆ ಬಂದಿತ್ತು. ಹೆಂಡತಿ ಇದನ್ನು ಒಪ್ಪುವುದಿಲ್ಲ. ಮುಂದಕ್ಕೆ ಹೋದದ್ದು ನೀವು, ಹಣೆಯ ಮೇಲೆ ಬುಗುಟು ಬಂದಿತ್ತು ಎನ್ನುತ್ತಾಳೆ. ಇತಿಹಾಸವನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ, ಬಿಡಿ.

ಆ ದಿನ ನಮ್ಮ ಅತ್ತೆಯ ಟಾನಿಕ್ ಬಾಟಲಿಯ ಮುಚ್ಚಳ ಬಿಗಿದುಕೊಂಡಿತ್ತು. ಬಟ್ಟೆ ಸುತ್ತಿ ತಿರುಗಿಸಿ, ಆಗದಿದ್ದರೆ ಬಿಸಿನೀರಲ್ಲಿ ಇಡೋಣ ಎಂದು ಹೆಂಡತಿ ಅಡುಗೆಮನೆಯಿಂದ ಹೇಳುತ್ತಲೇ ಇದ್ದಳು. ಬಿಸಿನೀರು! ಹಲ್ಲಿರುವ ಗಂಡಸಿನ ಮನೆಯಲ್ಲಿ ಬಿಸಿನೀರು! ಬಾಟಲಿಯನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಕತ್ತು ತಿರುವಿದೆ. ಕಟಕ್ ಎಂದಿತು. ಮುಚ್ಚಳ ಸೋತಿತು ಎಂದುಕೊಂಡು ವಿಜಯದ ನಗೆ ನಕ್ಕೆ. ನಕ್ಕಾಗ ಬಾಯೊಳಗೆ ಗಾಳಿ ಬೇಕಾದದ್ದಕ್ಕಿಂತ ಜಾಸ್ತಿ ನುಗ್ಗಿತು. ಕಣ್ಣು ಬಿಟ್ಟು ನೋಡಿದರೆ ಮುಚ್ಚಳ ಬಾಟಲಿಯ ಮೇಲೆ ಕೂತಲ್ಲೇ ಕೂತಿತ್ತು.

ಹೆಂಡತಿ ಬಂದು ನನ್ನ ಬಾಯಿ ನೋಡಿದಳು, ಬಾಟಲಿ ನೋಡಿದಳು.

“ಮುಚ್ಚಳಕ್ಕೇನೂ ಆಗಿಲ್ಲ ತಾನೇ?” ಎಂದಳು.

ಎದೆ ತಟ್ಟಿ ಶಪಥ ಮಾಡಿದ್ದು ಈ ಮಾತಿನ ಬೆನ್ನಿಗೇ.

ಮುಂದಿನದನ್ನು ಹೇಳುವ ಮುಂಚೆ ನನ್ನ ಬಾಯಿಯ ಭೂಗೋಳ ನಿಮಗೆ ಸ್ವಲ್ಪ ಗೊತ್ತಿರಬೇಕು. ನಾನು ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಹುಟ್ಟಿನಿಂದಲೇ ನನ್ನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದು. ಒಂದು ಟಿಕೆಟ್ಟನ್ನು ನಿಲ್ಲಿಸಿ ಇಡಬಹುದಾದಷ್ಟು ಅಗಲ. ಡಿಪೋದಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ನಾನು ‘ಕಿಂಡಿ’. ಆದರೆ ಆ ಕಿಂಡಿಯಿಂದ ಹೊರಡುತ್ತಿದ್ದ ಸಿಳ್ಳೆ ಇತ್ತಲ್ಲ, ಅದರ ಮುಂದೆ ಇಲಾಖೆ ಕೊಟ್ಟ ತಗಡಿನ ವಿಷಲ್ ಮಕ್ಕಳ ಪೀಪಿ. ಒಂದು ಹೊಡೆದರೆ ಬಸ್ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ನಾನು ಒಂದು ಹೊಡೆದರೆ ನಮ್ಮ ಬಸ್ಸಿನ ಜೊತೆ ಎದುರಿನಿಂದ ಬರುತ್ತಿದ್ದ ಬಸ್ಸೂ ನಿಲ್ಲುತ್ತಿತ್ತು. ಒಮ್ಮೆ ಲೆವೆಲ್ ಕ್ರಾಸಿಂಗಿನಲ್ಲಿ ಹೊಡೆದಾಗ ರೈಲು ಕೂಡ ಒಂದು ಕ್ಷಣ ಯೋಚನೆ ಮಾಡಿತು.

ಕೆಲಸ ಮುಗಿಸಿ ಬರುವಾಗಲೂ ಅಷ್ಟೇ. ಬೀದಿಯ ಮೂಲೆಯಲ್ಲಿ ನಿಂತು ಎರಡು ಸಿಳ್ಳೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಮನೆಯೊಳಗೆ ತಟ್ಟೆಗಳು ಸಾಲಾಗಿ ಕೂತಿರುತ್ತಿದ್ದವು.

ಈ ಸಿಳ್ಳೆಯನ್ನೇ ನೆಚ್ಚಿಕೊಂಡಿದ್ದ ಜೀವವೊಂದು ನಮ್ಮ ಮನೆಯಲ್ಲಿತ್ತು. ಅವರೇ ನಮ್ಮ ಅತ್ತೆ, ಹೆಂಡತಿಯ ತಾಯಿ. ಮಾವ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದವರು ನಮ್ಮವರೇ ಆಗಿ ಉಳಿದರು. ಈಗ ವಯಸ್ಸು ಎಷ್ಟೆಂದು ಅವರಿಗೂ ಗೊತ್ತಿಲ್ಲ, ನಮಗೂ ಅಂದಾಜು. ಕಣ್ಣು ಚುರುಕಾಗಿಯೇ ಇದೆ, ಆದರೆ ಮುಖಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಮಾತು ಕಿವಿಯ ಹೊರಗೇ ಗುಂಯ್ ಎಂದು ಸುತ್ತಾಡಿ ವಾಪಸು ಹೋಗುತ್ತದೆ. ಕಿವಿಯ ಹತ್ತಿರ ಕೂತು ಬಿಡಿಸಿ ಹೇಳಿದರೆ ಮಾತ್ರ ಒಳಗೆ ಇಳಿಯುತ್ತದೆ. ಹೆತ್ತ ಮಗಳನ್ನೇ ಕೆಲವು ದಿನ ತಮ್ಮ ಅಕ್ಕ ಎಂದುಕೊಂಡು, ಗಂಡನ ಮನೆಯಲ್ಲಿ ಹೇಗಿದ್ದೀಯೆ ಎಂದು ವಿಚಾರಿಸುತ್ತಾರೆ. ಆದರೆ ಸಿಳ್ಳೆ ಕೇಳಿದರೆ ಸಾಕು, ಕತ್ತು ನೆಟ್ಟಗಾಗುತ್ತದೆ.

“ಅಳಿಯಂದಿರು ಬಂದ್ರು. ತಟ್ಟೆ ಹಾಕು.”

ಆ ಸಿಳ್ಳೆ ಕೇಳದೆ ಒಂದು ಅಗುಳೂ ಅವರ ಬಾಯಿಗೆ ಹೋಗದು. ಅಳಿಯ ಇನ್ನೂ ಬಂದಿಲ್ಲ, ಹೇಗೆ ಉಣ್ಣಲಿ ಎನ್ನುತ್ತಾರೆ. ಹಾಗಾಗಿ ನಾನು ನಿವೃತ್ತನಾದ ಮೇಲೂ ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಚಪ್ಪಲಿ ಮೆಟ್ಟಿಕೊಂಡು ಬೀದಿಯ ಮೂಲೆಗೆ ಹೋಗಿ, ಸಿಳ್ಳೆ ಹೊಡೆದು, ಬೆವರು ಒರೆಸಿಕೊಳ್ಳುತ್ತಾ ಮನೆಗೆ ಬರುತ್ತಿದ್ದೆ. ಪಿಂಚಣಿ ತೆಗೆದುಕೊಳ್ಳುತ್ತಲೇ ದಿನಕ್ಕೆರಡು ಸಲ ಡ್ಯೂಟಿ ಮುಗಿಸಿ ಬರುವ ಕಂಡಕ್ಟರು ಈ ಭೂಮಂಡಲದಲ್ಲಿ ನಾನೊಬ್ಬನೇ! ಈ ವಯಸ್ಸಿನಲ್ಲಿ ಅವರು ಒಂದೆರಡು ದಿನ ಉಪವಾಸ ಬಿದ್ದರೂ ಮತ್ತೆ ಏಳಿಸುವುದು ಕಷ್ಟ ಎಂದು ಅತ್ತೆಯನ್ನು ನೋಡುವ ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದ್ದರು. ಟಾನಿಕ್ ಬರೆದುಕೊಟ್ಟದ್ದೂ ಅದಕ್ಕೇ.

ಇಷ್ಟೆಲ್ಲ ಗೊತ್ತಿದ್ದವನು ಹಲ್ಲಿನ ಆಸ್ಪತ್ರೆಗೆ ಹೋಗಿ ಏನು ಮಾಡಿದೆ ಕೇಳಿ.

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೆತ್ತಗಿನ ಮಾತು. ಬಾಯಿ ತೆರೆಸಿ ಪುಟ್ಟ ಕನ್ನಡಿಯಲ್ಲಿ ನೋಡಿ, ಬೇರು ಗಟ್ಟಿಯಾಗಿದೆ, ಕೀಳುವುದು ಬೇಡ ಎಂದರು. ಉಳಿದ ಹಲ್ಲನ್ನು ಸುತ್ತಲೂ ಅರೆದು ಗೂಟದ ಹಾಗೆ ಮಾಡಿ, ಅದರ ಮೇಲೆ ಕ್ಯಾಪ್ ಕೂರಿಸುವುದು. ಕ್ಯಾಪಿನ ಒಳಗೆ ಲೋಹ, ಹೊರಗೆ ಪಿಂಗಾಣಿ. ಲೋಹ ಗಟ್ಟಿತನಕ್ಕೆ, ಪಿಂಗಾಣಿ ಚಂದಕ್ಕೆ. ಒಳಗೆ ಬಸ್ಸಿನ ಬಾಡಿ, ಹೊರಗೆ ಕಾಫಿ ಕಪ್ಪು ಎಂದು ನಾನು ಅರ್ಥ ಮಾಡಿಕೊಂಡೆ. ಆಮೇಲೆ ಬಣ್ಣದ ಪಟ್ಟಿ ತಂದರು. ಒಂದು ಕಂಬಿಗೆ ಹಲ್ಲುಗಳನ್ನೇ ಸಾಲಾಗಿ ಪೋಣಿಸಿದ್ದರು. ಬಿಳಿಯಿಂದ ಶುರುವಾಗಿ ಚಹಾದ ಬಣ್ಣದವರೆಗೆ ಬಗೆಬಗೆಯ ಹಲ್ಲು. ನನ್ನ ಪಕ್ಕದ ಹಲ್ಲಿಗೆ ಹೊಂದುವುದು ಚಹಾದ ಕಡೆಯದೇ ಎಂದು ಅವರು ಸಂಕೋಚದಿಂದ ಹೇಳಿದರು. ಅಲ್ಲಿಯವರೆಗೆ ನಾನು ಎಲ್ಲಕ್ಕೂ ತಲೆಯಾಡಿಸಿದೆ. ಅಲ್ಲಿಗೇ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ಮುಚ್ಚಿಕೊಂಡಿರುವುದು ಯಾರಿಂದ ಸಾಧ್ಯ?

“ಹಳೇ ಸಂದು ಇರೋ ಹಾಗೇ ಬಿಡಲಾ, ಅಥವಾ ಮುಚ್ಚಿಬಿಡಲಾ?” ಎಂದು ಡಾಕ್ಟರು ಕೇಳಿದರು. “ಕ್ಯಾಪ್ ಸ್ವಲ್ಪ ಅಗಲ ಮಾಡಿದ್ರೆ ಸಂದೇ ಇರಲ್ಲ. ಆದ್ರೆ ಅಷ್ಟು ವರ್ಷ ಗಾಳಿ ಆಡಿರೋ ಜಾಗ. ಮನೇಲಿ ಒಂದು ಮಾತು ಕೇಳಿ ಹೇಳಿ.”

ನನ್ನ ಕಣ್ಣ ಮುಂದೆ ಇಡೀ ಡಿಪೋ ಬಂದು ನಿಂತಿತು. ಕಿಂಡಿ, ಕಿಂಡಿ ಎಂದು ಕೂಗಿದ ಡ್ರೈವರುಗಳು, ಮೆಕ್ಯಾನಿಕ್ಕುಗಳು, ಕ್ಯಾಂಟೀನಿನವರು. ಎಲ್ಲರೂ ಸಾಲಾಗಿ ನಿಂತು ನನ್ನ ಸಂದಿಲ್ಲದ ನಗೆಯನ್ನು ನೋಡಿ ನಾಚಿಕೆಯಿಂದ ತಲೆ ತಗ್ಗಿಸುತ್ತಿರುವ ಭವ್ಯ ದೃಶ್ಯ! ಹಲ್ಲು ನನ್ನದು, ಮನೆಯಲ್ಲಿ ಕೇಳುವುದೇನು ಬಂತು, ಮುಚ್ಚಿಬಿಡಿ ಎಂದೆ.

ಮನೆಯಲ್ಲಿ ಕೇಳಿರಲಿಲ್ಲ, ಹೇಳಿದ್ದು ಮಾತ್ರ ಹೌದು. ಹೆಂಡತಿ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

“ರೀ, ಸಂದು ಮುಚ್ಚಿದ್ರೆ ಸಿಳ್ಳೆ ಎಲ್ಲಿಂದ ಬರುತ್ತೆ?”

“ಸಿಳ್ಳೆ ಇರೋದು ಎದೆಯಲ್ಲಿ ಕಣೇ. ಹಲ್ಲು ಬರೀ ಬಾಗಿಲು.”

“ಬಾಗಿಲನ್ನೇ ಗೋಡೆ ಮಾಡಿಸ್ಕೊಂಡು ಬರ್ತೀರಲ್ಲ.”

ಅವಳ ಬಾಯಿ ಮುಚ್ಚಿಸಲು ಅಲ್ಲೇ ಒಂದು ಹೊಡೆದು ತೋರಿಸಿದೆ. ಕ್ಯಾಪ್ ತಯಾರಾಗಿ ಬರುವವರೆಗೆ ಇರಲಿ ಎಂದು ಡಾಕ್ಟರು ಗೂಟದ ಮೇಲೆ ಒಂದು ಸಣಕಲು ಪ್ಲಾಸ್ಟಿಕ್ ಹಲ್ಲನ್ನು ಅಂಟಿಸಿದ್ದರು. ಅದರ ಸುತ್ತ ಸಂದುಗಳೇ ಸಂದುಗಳು. ಸಿಳ್ಳೆ ಸ್ವಲ್ಪ ಗೊಗ್ಗರಾದರೂ ಚೆನ್ನಾಗಿಯೇ ಬಂತು. ಒಳಕೋಣೆಯಿಂದ ಅತ್ತೆ, ತಟ್ಟೆ ಹಾಕು ಎಂದರು. ನೋಡಿದೆಯಾ ಎಂಬಂತೆ ನಾನು ಹೆಂಡತಿಯ ಕಡೆ ಹುಬ್ಬು ಹಾರಿಸಿದೆ. ಈಗ ನೆನೆಸಿಕೊಂಡರೆ ಆ ಹುಬ್ಬನ್ನು ಕಿತ್ತು ಹಾಕಬೇಕು ಅನ್ನಿಸುತ್ತದೆ.

ಹೊಸ ಹಲ್ಲು ಬಂದ ದಿನದ ವೈಭವ ಏನು ಹೇಳಲಿ! ಡಾಕ್ಟರು ಅಂಟು ಹಚ್ಚಿ, ಒತ್ತಿ ಕೂರಿಸಿ, ಕನ್ನಡಿ ಕೈಗೆ ಕೊಟ್ಟರು. ಕನ್ನಡಿಯಲ್ಲಿ ಯಾರೋ ಗಣ್ಯರು ಕೂತಿದ್ದರು. ಬಸ್ಸಿನಲ್ಲಿ ಟಿಕೆಟ್ ಕೇಳುವ ಮುಖವಲ್ಲ ಅದು, ಟಿಕೆಟ್ ಕೇಳಿದರೆ ಕಂಡಕ್ಟರನ್ನೇ ಕೆಲಸದಿಂದ ತೆಗೆಸುವ ಮುಖ. ದಾರಿಯುದ್ದಕ್ಕೂ ಕಂಡಕಂಡವರಿಗೆಲ್ಲ ಹಲ್ಲು ಕಿರಿಯುತ್ತಾ ಬಂದೆ. ಹಾಲಿನ ಅಂಗಡಿಯವನು ಏನು ವಿಶೇಷ ಎಂದು ಕೇಳಿದ. ಗುರುತು ಪರಿಚಯವಿಲ್ಲದ ಹೆಂಗಸೊಬ್ಬರು ರಸ್ತೆಯ ಆಚೆ ಬದಿಗೆ ದಾಟಿಕೊಂಡರು.

ಬೀದಿಯ ಮೂಲೆಗೆ ಬಂದೆ. ಊಟದ ಹೊತ್ತು. ಕಾಲು ಅಗಲಿಸಿ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು, ನಾಲಿಗೆ ಮಡಿಸಿ ಬಿಟ್ಟೆ.

ಫುಸ್.

ಅಷ್ಟೇ. ಸೈಕಲ್ ಟ್ಯೂಬಿನಿಂದಲೂ ಇದಕ್ಕಿಂತ ಮರ್ಯಾದೆಯಾಗಿ ಗಾಳಿ ಹೋಗುತ್ತದೆ. ನಾಲಿಗೆಯ ಸ್ಥಾನ ಬದಲಿಸಿ ಮತ್ತೆ ಊದಿದೆ. ಫುಸ್. ತುಟಿ ಬಿಗಿಮಾಡಿ ಊದಿದೆ. ಉಗುಳು ಹಾರಿತು. ಊದುತ್ತ ಊದುತ್ತ ಮನೆಯ ಕಿಟಕಿಯ ಕೆಳಗೇ ಬಂದೆ. ಹೆಂಡತಿ ಗಾಬರಿಯಿಂದ ಒಳಗೆಲ್ಲ ಓಡಾಡಿ ಕಿಟಕಿ ಬಾಗಿಲುಗಳನ್ನು ತೆರೆಯತೊಡಗಿದಳು. ಗ್ಯಾಸ್ ಸೋರುತ್ತಿದೆ ಎಂದುಕೊಂಡಿದ್ದಳಂತೆ. ಕಿಟಕಿ ತೆರೆದಾಗ ಕೆಳಗೆ ಸೋರುತ್ತಿದ್ದವನು ನಾನು.

ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಅದಕ್ಕೇ ನನಗೆ ಭಯವಾದದ್ದು.

ಒಳಗೆ ಹೋಗಿ ಎಂದಿನಂತೆ ಅತ್ತೆಯ ಎದುರಿನ ಕುರ್ಚಿಯಲ್ಲಿ ಕೂತೆ. ತಟ್ಟೆ ಬಂತು. ಅತ್ತೆ ತಟ್ಟೆ ನೋಡಿದರು, ನನ್ನನ್ನು ನೋಡಿದರು, ಸೆರಗು ಸರಿಮಾಡಿಕೊಂಡರು. ಯಾರು ಇವರು, ಏನು ಬೇಕಾಗಿತ್ತಂತೆ ಎಂದು ಮಗಳನ್ನು ಕೇಳಿದರು. ಅಳಿಯ ಕಣಮ್ಮ ಎಂದು ಅವಳು ಕಿವಿಯಲ್ಲಿ ಹೇಳಿದಳು. ಅತ್ತೆ ನನ್ನ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡಿ, ತಲೆ ಅಲ್ಲಾಡಿಸಿ, ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅಳಿಯಂದಿರು ಬರಲಿ, ಆಮೇಲೆ ಎಂದರು.

ಸಂಜೆಯೂ ಅಷ್ಟೇ. ಮರುದಿನವೂ ಅಷ್ಟೇ. ಒತ್ತಾಯ ಮಾಡಿ ಕುಡಿಸಿದರೆ ಎರಡು ಗುಟುಕು ಹಾಲು, ಅದರ ಮೇಲೆ ಬಾಯಿ ಬಿಗಿದುಕೊಂಡು ಬಾಗಿಲ ಕಡೆ ನೋಟ.

ಇನ್ನು ನಾನು ಮಾಡಿದ ಸಾಹಸಗಳನ್ನು ಕೇಳಿ. ಮೊದಲು ಇಲಾಖೆಯ ತಗಡಿನ ವಿಷಲನ್ನು ಪೆಟ್ಟಿಗೆಯ ತಳದಿಂದ ಹುಡುಕಿ ತೆಗೆದು ಮೂಲೆಯಲ್ಲಿ ನಿಂತು ಊದಿದೆ. ಅತ್ತೆ ಧಡಕ್ಕನೆ ಎದ್ದು ಕೂತು, ಬೀದಿಯಲ್ಲಿ ಕಳ್ಳರು ಬಂದಿದ್ದಾರೆ ಎಂದು ಬಳೆ ಬಿಚ್ಚಿ ದಿಂಬಿನ ಕೆಳಗೆ ಇಟ್ಟುಕೊಂಡರು. ಆಮೇಲೆ ಬಾಯಿಗೆ ಎರಡು ಬೆರಳು ಹಾಕಿ ಹೊಡೆಯುವ ವಿದ್ಯೆ ಕಲಿಯಲು ಕೂತೆ. ಹೊಸ ಹಲ್ಲಿನ ಗಟ್ಟಿತನ ನನ್ನ ಬೆರಳಿಗೆ ಚೆನ್ನಾಗಿ ಗೊತ್ತಾಯಿತು. ಕುಕ್ಕರಿನ ಸಿಳ್ಳೆಯನ್ನು ಅವರ ಕೋಣೆಯ ಬಾಗಿಲಲ್ಲೇ ಹೊಡೆಸಿದೆವು. ಅದು ಕೇಳಿಸಿತು. ಒಲೆ ಆರಿಸು, ಬೆಂದಿದೆ ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು.

ಕೊನೆಗೆ ನನ್ನ ಹಳೆಯ ಡ್ರೈವರನ್ನು ಕರೆಸಿದೆ. ನನ್ನ ಸಿಳ್ಳೆಗೆ ತಕ್ಕ ಹಾಗೆ ವರ್ಷಾನುಗಟ್ಟಲೆ ಬಸ್ ಓಡಿಸಿದ ಪುಣ್ಯಾತ್ಮ. ನನಗಿಂತ ಚೆನ್ನಾಗಿ ಆ ಸಿಳ್ಳೆ ಅವನಿಗೆ ಗೊತ್ತು. ನನ್ನ ನಗೆ ನೋಡಿ ಅವನೇನೂ ತಲೆ ತಗ್ಗಿಸಲಿಲ್ಲ. “ಏನೋ ಕಿಂಡಿ, ಪರ್ಮನೆಂಟಾಗಿ ಶಟರ್ ಎಳೆದುಬಿಟ್ಟಿದೀಯ?” ಎಂದ. ಆಮೇಲೆ ಮೂಲೆಗೆ ಹೋಗಿ, ಉಸಿರು ಕಟ್ಟಿ ಊದಿದ. ಸಿಳ್ಳೆ ಬರುವ ಮೊದಲು ಅವನ ಕಟ್ಟಿಸಿದ ಹಲ್ಲಿನ ಸೆಟ್ಟು ಬಂತು. ಇಬ್ಬರು ಮುದುಕರು ಚರಂಡಿಯ ಪಕ್ಕದಲ್ಲಿ ಮಂಡಿಯೂರಿ ಹಲ್ಲು ಹುಡುಕುತ್ತಿದ್ದದ್ದನ್ನು ಬೀದಿಯೆಲ್ಲ ನಿಂತು ನೋಡಿತು. ಬೇರೆ ದಿನವಾಗಿದ್ದರೆ ಈ ಕಥೆಯನ್ನೇ ವರ್ಷವಿಡೀ ಹೇಳಿಕೊಂಡು ನಗುತ್ತಿದ್ದೆ.

ಆ ದಿನ ಮಧ್ಯಾಹ್ನ ಹೆಂಡತಿ ತಾಯಿಗೆ ಬಳೆ ತೊಡಿಸಲು ಹೋದಳು. ಬಳೆ ಮಣಿಕಟ್ಟಿನಲ್ಲಿ ನಿಲ್ಲದೆ ಸರ್ರನೆ ಮೊಳಕೈವರೆಗೆ ಜಾರಿತು. ಅವಳು ಬಳೆಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು ನನ್ನ ಮುಂದೆ ನಿಂತಳು. ಏನಾದರೂ ಬೈಯಬಾರದೇ ಎಂದು ಕಾದೆ. “ಸ್ವಲ್ಪ ಹೊತ್ತು ಅಮ್ಮನ ಹತ್ರ ಕೂತಿರಿ, ನಾನು ಗಂಜಿ ಮಾಡ್ತೀನಿ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಹೋಗಿ ಕೂತೆ. ಅತ್ತೆ ದಿಂಬಿಗೆ ಒರಗಿ ನನ್ನನ್ನು ನೋಡಿದರು. ಗಂಡು ಅತಿಥಿಯ ಮುಂದೆ ಮಾತಿಲ್ಲದೆ ಕೂರುವುದು ಸರಿಯಲ್ಲ ಎನ್ನಿಸಿರಬೇಕು.

“ನಿಮ್ಮ ಹಲ್ಲು ಎಷ್ಟು ಚೆನ್ನಾಗಿದೆ,” ಎಂದರು.

ಆ ಹಲ್ಲಿಗೆ ಸಿಕ್ಕಿದ ಮೊದಲನೆಯ ಹೊಗಳಿಕೆ! ಕೊನೆಯದೂ ಅದೇ.

“ನಮ್ಮ ಅಳಿಯಂದಿರಿಗೆ ಇಲ್ಲಿ ಮುಂದೆ ಒಂದು ಸಂದು,” ಎಂದು ತಮ್ಮ ಬಾಯಿ ತೋರಿಸಿಕೊಂಡರು. “ಆದ್ರೂ ಅವರು ನಕ್ರೆ ನೋಡಬೇಕು. ಸುಳ್ಳು ಮಾತ್ರ ಜಾಸ್ತಿ ಹೇಳ್ತಾರೆ. ರೈಲು ನಿಲ್ಲಿಸ್ದೆ ಅಂತಾರೆ, ಗೋಡೆ ಅಲ್ಲಾಡಿಸ್ದೆ ಅಂತಾರೆ. ನಾನು ಹೂಂ ಅಂತೀನಿ. ಹೇಳ್ಕೊಳ್ಳಲಿ ಪಾಪ.”

ನಾನು ಹೂಂ ಎಂದೆ. ನನ್ನ ಬೆನ್ನ ಹಿಂದೆ ಆಡುವ ಮಾತನ್ನು ನನ್ನ ಮುಖದೆದುರೇ ಕೇಳುವ ಭಾಗ್ಯ ನನ್ನದಾಗಿತ್ತು.

ಅವರು ಹೇಳುತ್ತಾ ಹೋದರು. ಗಂಡ ಸತ್ತ ಮೇಲೆ ಮಗಳ ಮನೆಗೆ ಬಂದಾಗ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಇನ್ನೊಬ್ಬರ ದುಡಿಮೆಯ ಅನ್ನ, ಅಳಿಯನ ಎದುರು ಕೂತು ಹೇಗೆ ಉಣ್ಣುವುದು ಎಂದು, ಎಲ್ಲರದೂ ಆದ ಮೇಲೆ ಒಲೆಯ ಪಕ್ಕದಲ್ಲಿ ಗೋಡೆಗೆ ಮುಖಮಾಡಿ ಕೂತು ಉಳಿದದ್ದನ್ನು ತಿನ್ನುತ್ತಿದ್ದರಂತೆ. ಅಳಿಯ ಅದನ್ನು ಒಂದು ದಿನ ನೋಡಿದನಂತೆ.

“ಮಾರನೇ ದಿನ ಬಂದು ಅಂದ್ರು, ಅತ್ತೆ, ನನಗೆ ಒಬ್ಬನೇ ಕೂತು ಉಣ್ಣೋಕೆ ಆಗಲ್ಲ. ನಾಳೆಯಿಂದ ಮೂಲೆಯಲ್ಲೇ ಸಿಳ್ಳೆ ಹೊಡೀತೀನಿ. ಕೇಳಿದ ತಕ್ಷಣ ನಿಮ್ಮ ತಟ್ಟೆ ನನ್ನ ತಟ್ಟೆ ಪಕ್ಕ ಬಂದಿರಬೇಕು. ಇಲ್ಲದಿದ್ರೆ ನಾನೂ ಉಣ್ಣಲ್ಲ, ಅಂತ.” ಬಾಗಿಲ ಕಡೆ ಒಮ್ಮೆ ನೋಡಿ, “ಅವರು ಕರೆದ ಮೇಲೇ ನಾನು ಕೂರೋದು. ಕರೆಯದೆ ಕೂರೋದು ಚೆನ್ನಾಗಿರಲ್ಲ,” ಎಂದರು.

ಓದುಗರೇ, ನನಗೆ ಇದು ಮರೆತೇ ಹೋಗಿತ್ತು. ನಿಜವಾಗಿಯೂ. ನಾನು ಊರಿಗೆಲ್ಲ ಕೇಳಲಿ ಎಂದು ಜಂಬಕ್ಕೆ ಹೊಡೆಯುತ್ತಿದ್ದೇನೆ ಎಂದೇ ತಿಳಿದಿದ್ದ ಸಿಳ್ಳೆಯನ್ನು ಅವರು ಇಷ್ಟು ವರ್ಷ ಊಟಕ್ಕೆ ಬನ್ನಿ ಎಂಬ ಕರೆಯಾಗಿ ಕೇಳಿಸಿಕೊಂಡಿದ್ದರು. ಎಲ್ಲರ ಮುಖ ಮರೆತ ಆ ತಲೆಯಲ್ಲಿ ಅದೊಂದು ಮಾತ್ರ ಅಳಿಸದೆ ಉಳಿದಿತ್ತು. ನಾನು ಅದನ್ನು ಪಿಂಗಾಣಿಯಿಂದ ಮುಚ್ಚಿಸಿಕೊಂಡು ಬಂದು, ಹಾಲಿನ ಅಂಗಡಿಯವನಿಗೆ ತೋರಿಸುತ್ತಾ ತಿರುಗಿದ್ದೆ.

ಎದ್ದವನು ನೇರ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಸಂದು ಬೇಕು ಎಂದೆ. ಅವರು, ಅಂಟಿಸಿದ ಕ್ಯಾಪನ್ನು ಹಾಗೆಲ್ಲ ತೆಗೆಯುವುದಕ್ಕೆ ಬರುವುದಿಲ್ಲ, ಒಡೆದು ತೆಗೆಯಬೇಕು, ಒಳಗಿನ ಗೂಟವೇ ಮುರಿಯಬಹುದು ಎಂದು ವಿವರಿಸಿದರು. ಹಾಗಾದರೆ ಬದಿಯಲ್ಲಿ ಅರೆಯಿರಿ ಎಂದೆ. ಪಿಂಗಾಣಿ ತೆಳುವಾದದ್ದು, ಅರೆದರೆ ಒಳಗಿನ ಲೋಹ ಕಾಣುತ್ತದೆ, ಕಪ್ಪು ಗೆರೆ ಬೀಳುತ್ತದೆ, ಅಷ್ಟು ಚೆನ್ನಾಗಿ ಬಂದಿರುವ ಹಲ್ಲನ್ನು ಯಾಕೆ ಕೆಡಿಸಿಕೊಳ್ಳುತ್ತೀರಿ ಎಂದು ಅವರು ಕೇಳಿದರು.

“ನಮ್ಮತ್ತೆ ಊಟ ಬಿಟ್ಟಿದಾರಮ್ಮ,” ಎಂದೆ.

ಹಲ್ಲಿಗೂ ಅತ್ತೆಗೂ ಏನು ಸಂಬಂಧವೆಂದು ಅವರಿಗೆ ತಿಳಿಯಲಿಲ್ಲ. ಕೂತು ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅವರು ಕೈಗವಸು ಹಾಕಿಕೊಂಡಾಗಿತ್ತು.

ಆ ಮಧ್ಯಾಹ್ನ ಆ ಕೋಣೆಯಲ್ಲಿ ನಡೆದದ್ದು ಹಲ್ಲಿನ ಚಿಕಿತ್ಸೆಯಲ್ಲ, ವಾದ್ಯಕ್ಕೆ ಶ್ರುತಿ ಹಿಡಿಯುವ ಕೆಲಸ. ಡಾಕ್ಟರು ಗಿರ್ರ್ ಎಂದು ಕೂದಲೆಳೆಯಷ್ಟು ಅರೆಯುವುದು, ನಾನು ಬಾಯಿ ಮುಕ್ಕಳಿಸಿ ಊದುವುದು. ಫುಸ್. ಮತ್ತೆ ಗಿರ್ರ್. ಫ್ಯೂ. ಸ್ವಲ್ಪ ಜೀವ ಬಂತು. ಮತ್ತೆ ಗಿರ್ರ್. ಪಿಂಗಾಣಿಯ ಒಂದು ಚಕ್ಕೆ ಟಪ್ಪನೆ ಹಾರಿತು, ಡಾಕ್ಟರು ತುಟಿ ಕಚ್ಚಿಕೊಂಡರು, ನಾನು ನಿಲ್ಲಿಸಬೇಡಿ ಎಂದು ಕೈಸನ್ನೆ ಮಾಡಿದೆ. ಹೊರಗೆ ಸರದಿಗಾಗಿ ಕೂತಿದ್ದವರಿಗೆ ಕೇಳಿಸುತ್ತಿದ್ದದ್ದು ಒಂದು ಗಿರ್ರ್, ಅದರ ಬೆನ್ನಿಗೆ ಒಂದು ಸಿಳ್ಳೆ. ಒಳಗೆ ಏನು ಚಿಕಿತ್ಸೆ ನಡೆಯುತ್ತಿದೆ, ರೋಗಿಗೆ ಇಷ್ಟೊಂದು ಸಂತೋಷ ಯಾಕೆ ಎಂದು ತಿಳಿಯದೆ ಕೆಲವರು ಎದ್ದೇ ಹೋದರಂತೆ. ಕೊನೆಗೊಮ್ಮೆ ಊದಿದಾಗ ಕೋಣೆಯ ಗಾಜಿನ ಬಾಗಿಲು ನಡುಗಿತು. ಹೊರಗೆ ರಸ್ತೆಯಲ್ಲಿ ಒಂದು ಬಸ್ ನಿಂತಿತು. ನಿಜವಾಗಿಯೂ ನಿಂತಿತು. ಅಲ್ಲಿ ಬಸ್ ಸ್ಟಾಪ್ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕನ್ನಡಿ ಬೇಡ ಎಂದೆ. ಡಾಕ್ಟರು ಆದರೂ ತೋರಿಸಿದರು. ಸಂದು ಇತ್ತು. ಸಂದಿನ ಪಕ್ಕದಲ್ಲಿ ಲೋಹ ಕಪ್ಪಗೆ, ಸವೆದ ಪಾತ್ರೆಯ ಅಂಚಿನ ಹಾಗೆ ಕಾಣುತ್ತಿತ್ತು. ಗಣ್ಯರು ಹೊರಟುಹೋಗಿದ್ದರು. ಹಳೆಯ ಕಿಂಡಿಯೂ ಪೂರ್ತಿ ಬಂದಿರಲಿಲ್ಲ. ಯಾರೋ ಮಧ್ಯದವನು.

ಮನೆಗೆ ಓಡಿದೆ. ಮೂಲೆಯಲ್ಲಿ ನಿಂತು ಹೊಡೆಯಬೇಕಾಗಿತ್ತು, ಅದೇ ಪದ್ಧತಿ. ಆದರೆ ಸಿಳ್ಳೆ ಕೇಳಿ ಅತ್ತೆ ನನ್ನನ್ನು ಗುರುತಿಸುವ ಗಳಿಗೆಯಲ್ಲಿ ಅವರ ಮುಖವನ್ನು ಹತ್ತಿರದಿಂದ ನೋಡಬೇಕೆಂಬ ಆಸೆ ತಡೆಯಲಾಗಲಿಲ್ಲ. ಎಷ್ಟು ಪೆಟ್ಟು ತಿಂದರೂ ಜಂಬ ಎಂಬುದು ಮೊದಲು ಎದ್ದು ಕೂರುತ್ತದೆ ನೋಡಿ! ನೇರವಾಗಿ ಒಳಗೆ ಹೋಗಿ ಅವರ ಎದುರಿನ ಕುರ್ಚಿಯಲ್ಲಿ ಕೂತೆ. ಹೆಂಡತಿ ಗಂಜಿಯ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಎರಡು ಹೊಡೆದೆ.

ಅತ್ತೆಯ ಕತ್ತು ನೆಟ್ಟಗಾಯಿತು. ಮುಖದಲ್ಲಿ ದೀಪ ಹಚ್ಚಿದ ಹಾಗೆ ಬೆಳಕು. ಅವರು ನನ್ನ ಭುಜದ ಮೇಲಿನಿಂದ ಬಾಗಿಲ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ತುಂಬ ಸೌಜನ್ಯದಿಂದ ಹೇಳಿದರು:

“ಅಳಿಯಂದಿರು ಬಂದ್ರು. ನೀವು ಏಳಿ, ಆ ಕುರ್ಚಿ ಅವರದು.”

ಅತ್ತೆ, ನಾನೇ ಅಳಿಯ ಎಂದು ಬಾಯಿ ತೋರಿಸಿಕೊಂಡು ಮತ್ತೆ ಹೊಡೆದೆ. ಅವರಿಗೆ ಅವಸರವಾಯಿತು. ನೋಡಿ, ಮತ್ತೆ ಕರೆಯುತ್ತಿದ್ದಾರೆ, ಬೇಗ ಏಳಿ ಎಂದು ಕೈಯಾಡಿಸಿದರು. ಎಷ್ಟೋ ಜನರನ್ನು ನಡುದಾರಿಯಲ್ಲಿ ಬಸ್ಸಿನಿಂದ ಇಳಿಸಿದ ಕೈ ನನ್ನದು, ಇಳಿಯುವುದು ಹೇಗಿರುತ್ತದೆ ಎಂದು ಆವತ್ತು ತಿಳಿಯಿತು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಕಣ್ಣಲ್ಲೇ ಬಾಗಿಲು ತೋರಿಸಿದಳು.

ಎದ್ದು ಹೊರಗೆ ಬಂದು ಬಾಗಿಲ ಹಿಂದೆ ನಿಂತು ಇನ್ನೊಮ್ಮೆ ಎರಡು ಹೊಡೆದೆ. ಒಳಗೆ ತಟ್ಟೆಗೆ ಚಮಚ ತಗುಲಿದ ಸದ್ದು ಕೇಳಿಸಿತು. ಒಂದು ಸಲ. ಮತ್ತೊಂದು ಸಲ. ಆ ಸದ್ದನ್ನು ನಾನು ಲಾಟರಿ ಹೊಡೆದವನ ಹಾಗೆ ಉಸಿರು ಹಿಡಿದು ಕೇಳಿದೆ.

“ಒಳಗೆ ಬರಲಿಲ್ವಲ್ಲ?” ಎಂದು ಅತ್ತೆ ಕೇಳಿದರು.

“ಕೈಕಾಲು ತೊಳೀತಿದಾರಮ್ಮ,” ಎಂದಳು ಹೆಂಡತಿ.

“ತೊಳ್ಕೊಳ್ಳಲಿ. ದಿನವೆಲ್ಲ ನಿಂತೇ ಇರೋ ಕೆಲಸ.”

ಅಂದಿನಿಂದ ಇದೇ ನಡೆದಿದೆ. ಬಳೆ ಮತ್ತೆ ಮಣಿಕಟ್ಟಿನಲ್ಲಿ ನಿಲ್ಲುತ್ತಿದೆ. ಊಟದ ಹೊತ್ತಿಗೆ ನಾನು ಬಾಗಿಲ ಹಿಂದೆ ನಿಂತು ಸಿಳ್ಳೆ ಹೊಡೆಯುತ್ತೇನೆ. ಅಳಿಯಂದಿರು ಕೈಕಾಲು ತೊಳೆಯುತ್ತಲೇ ಇರುತ್ತಾರೆ. ಇಷ್ಟು ತೊಳೆದ ಕೈಕಾಲು ಯಾವ ರಾಜನಿಗೂ ಇರಲಿಕ್ಕಿಲ್ಲ. ಒಂದೆರಡು ಸಲ ಮೆಲ್ಲಗೆ ಒಳಗೆ ಬಂದು ಕೂತು ನೋಡಿದೆ. ಕಪ್ಪು ಗೆರೆ ಬಿದ್ದ ಈ ಬಾಯಿ ಅವರಿಗೆ ಅಳಿಯನದು ಎನ್ನಿಸಲಿಲ್ಲ; ಅಪರಿಚಿತನ ಮುಂದೆ ಉಣ್ಣಲು ನಾಚಿ ಅವರು ಚಮಚ ಕೆಳಗಿಟ್ಟುಬಿಟ್ಟರು. ಎದ್ದು ಬಂದೆ. ಇಷ್ಟು ವರ್ಷ ಅವರ ಪಕ್ಕದಲ್ಲಿದ್ದ ನನ್ನ ತಟ್ಟೆ ಈಗ ಅಡುಗೆಮನೆಯ ಕಟ್ಟೆಯ ಮೇಲೆ, ಎಲ್ಲರದೂ ಆದ ಮೇಲೆ.

ಮೊನ್ನೆ ಸಿಳ್ಳೆ ಹೊಡೆದು ಗೋಡೆಗೆ ಒರಗಿ ನಿಂತಿದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅತ್ತೆಗೆ ನಾನು ಕಾಣಿಸಿರಬೇಕು. ಚಮಚ ನಿಂತಿತು. ಅವರು ಮಗಳನ್ನು ಹತ್ತಿರ ಕರೆದು, ಗುಟ್ಟು ಹೇಳುವವರ ಹಾಗೆ, ಆದರೆ ಕಿವಿ ಕೇಳದವರ ಗಟ್ಟಿ ದನಿಯಲ್ಲಿ ಹೇಳಿದರು:

“ಅಲ್ಲಿ ಒಬ್ರು ನಿಂತಿದಾರೆ ನೋಡು, ದಿನಾ ಊಟದ ಹೊತ್ತಿಗೇ ಬಂದು ನಿಲ್ತಾರೆ. ಪಾಪ, ಯಾರೂ ಇಲ್ಲದವರ ಹಾಗೆ ಕಾಣ್ತಾರೆ. ಅವರಿಗೂ ಒಂದು ತಟ್ಟೆ ಹಾಕು. ಸಂಕೋಚ ಬೇಡ ಅನ್ನು. ನಮ್ಮ ಅಳಿಯಂದಿರು ಅಂಥವರಲ್ಲ, ಏನೂ ಅಂದ್ಕೊಳ್ಳಲ್ಲ.”